ಸರ್ವರ್‌ಗೆ ಹಾಕಿದ ಫೋಟೋ ಕಾಣೆ, 300 ಜಿಬಿ ಖಾಲಿ ಇದ್ದರೂ ‘ಜಾಗ ಇಲ್ಲ’: ಏನು ಮಾಡಲಿ?

ಪ್ರಶ್ನೆ: ನಮ್ಮ ಮನೆ ಶಿರಸಿ ಪೇಟೆಯಿಂದ 14 ಕಿಲೋಮೀಟರ್ ಒಳಗೆ. ಅಪ್ಪಯ್ಯ 25 ವರ್ಷ ಊರೂರು ತಿರುಗಿ ತಾಳಮದ್ದಳೆ ರೆಕಾರ್ಡ್ ಮಾಡಿಟ್ಟಿದ್ದರು. 90 ನಿಮಿಷದ 180 ಕ್ಯಾಸೆಟ್. ಎಲ್ಲವನ್ನೂ ವೇವ್ ಫೈಲ್ ಮಾಡಿಸಿದ್ದೇವೆ. ಜೊತೆಗೆ ಹಳೇ ಪ್ರಸಂಗದ ಕೈಬರಹ, ಪತ್ರ, ಕರಪತ್ರಗಳನ್ನು ಸ್ಕ್ಯಾನ್ ಮಾಡಿದ 22,000 ಫೋಟೋ. ಒಟ್ಟು 226 ಜಿಬಿ. ಬೆಂಗಳೂರಿನಲ್ಲಿರುವ ತಮ್ಮ ಒಂದು ಲಿನಕ್ಸ್ ವರ್ಚುವಲ್ ಸರ್ವರ್ ಬಾಡಿಗೆಗೆ ತೆಗೆದುಕೊಂಡು, 300 ಜಿಬಿ ಡಿಸ್ಕ್ ಹೆಚ್ಚಿಗೆ ಜೋಡಿಸಿದ. ಏಪ್ರಿಲ್‌ನಲ್ಲಿ ಫೋಟೋ ಎಲ್ಲ ಹಾಕಿದ. ಮೇ ತಿಂಗಳಲ್ಲಿ ಅಪ್‌ಡೇಟ್ ಮಾಡಿ ಸರ್ವರ್ ರೀಸ್ಟಾರ್ಟ್ ಮಾಡಿದನಂತೆ. ಆಮೇಲೆ ಗೋಕರ್ಣದ ರೆಕಾರ್ಡಿಂಗ್ ಇರುವ ಫೋಲ್ಡರನ್ನು ತನ್ನ ಹಳೇ ಮ್ಯಾಕ್‌ಬುಕ್‌ಗೆ ಕಾಪಿ ಮಾಡಿಕೊಂಡು ಅಲ್ಲಿಂದ ಕಳಿಸಿದ. ಉಳಿದದ್ದನ್ನು ನಾನು ಮನೆಯ ವಿಂಡೋಸ್ ಕಂಪ್ಯೂಟರಿನಿಂದ ಫೈಲ್‌ಝಿಲ್ಲಾ ಎಂಬ ಫೈಲ್ ಕಳಿಸುವ ಪ್ರೋಗ್ರಾಮಿನಲ್ಲಿ ಎಳೆದು ಹಾಕುತ್ತಿದ್ದೆ. 40 ಜಿಬಿ ದಾಟುವಾಗ ನಿಂತಿತು. ‘ನೋ ಸ್ಪೇಸ್ ಲೆಫ್ಟ್’ ಎಂದು ಸರ್ವರ್‌ನಲ್ಲಿ ತೋರಿಸುತ್ತಿದೆಯಂತೆ. ಏಪ್ರಿಲ್‌ನಲ್ಲಿ ಹಾಕಿದ ಫೋಟೋ ಒಂದೂ ಇಲ್ಲ! ಗೋಕರ್ಣ ಎಂಬ ಫೋಲ್ಡರ್ ಎರಡು ಇದೆ, ಅಕ್ಷರ ಒಂದೇ. ಎಲ್ಲ ಫೈಲಿನ ತಾರೀಕೂ ಈ ವಾರದ್ದಾಗಿದೆ. ಕೆಲವು ಫೈಲ್ ಹೆಸರು ಉದ್ದವಾಯಿತು ಎಂದು ತಗೊಳ್ಳುವುದೇ ಇಲ್ಲ. ಗೊತ್ತಿದ್ದವರೊಬ್ಬರು ಫೋಲ್ಡರಿಗೆ 777 ಅನುಮತಿ ಕೊಡಿ ಅಂದರು. ಇನ್ನೊಬ್ಬರು ಜಿಪ್ ಮಾಡಿದರೆ ಅರ್ಧ ಆಗುತ್ತದೆ ಅಂದರು. ಎಲ್ಲ ಏರಿದ ಮೇಲೆ ಮನೆಯ ಹಾರ್ಡ್ ಡಿಸ್ಕ್ ಖಾಲಿ ಮಾಡಿ ಅಣ್ಣನ ಮಗನಿಗೆ ಕೊಡುವ ಅಂದುಕೊಂಡಿದ್ದೆವು. ಈಗ ಭಯ ಆಗುತ್ತಿದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಸಮಾಧಾನದ ಮಾತು: ಫೋಟೋಗಳು ಹೋಗಿಲ್ಲ ಎಂದು ನನಗೆ ಬಹುತೇಕ ಖಾತ್ರಿ ಇದೆ. ಫೋಟೋ ಕಾಣೆಯಾದದ್ದು, 40 ಜಿಬಿಗೆ ನಿಂತದ್ದು, ಎರಡೂ ಒಂದೇ ಕಾರಣಕ್ಕೆ. ಆ ಕಾರಣ ನಿಮ್ಮ ಪತ್ರದಲ್ಲೇ ಇದೆ. ಮೇ ತಿಂಗಳ ರೀಸ್ಟಾರ್ಟ್.

ಆದರೆ ಮುಂದೆ ಓದುವ ಮೊದಲು ತಮ್ಮನಿಗೆ ಫೋನ್ ಮಾಡಿ ಒಂದು ಮಾತು ಹೇಳಿ. ಆ 300 ಜಿಬಿ ಡಿಸ್ಕನ್ನು ಯಾವ ಕಾರಣಕ್ಕೂ ಮತ್ತೆ ಫಾರ್ಮ್ಯಾಟ್ ಮಾಡುವುದು ಬೇಡ. ಡಿಸ್ಕ್ ಕಾಣುತ್ತಿಲ್ಲ ಎಂದಾಗ ಎಲ್ಲರೂ ಮಾಡುವುದು ಒಂದೇ. ಬಾಡಿಗೆ ಕಂಪನಿಯ ಸಹಾಯ ಪುಟ ತೆರೆದು, ಡಿಸ್ಕ್ ಜೋಡಿಸುವ ವಿಧಾನವನ್ನು ಮೊದಲಿಂದ ಮಾಡುತ್ತಾರೆ. ಆ ವಿಧಾನದ ಆರಂಭದಲ್ಲೇ ಫಾರ್ಮ್ಯಾಟ್ ಇರುತ್ತದೆ. ಹೊಸ ಡಿಸ್ಕಿಗೆ ಅದು ಸರಿ. ನಿಮ್ಮದು ಹೊಸದಲ್ಲ, 22,000 ಫೋಟೋ ತುಂಬಿಕೊಂಡದ್ದು. ಕೈತಪ್ಪಿ ಆ ಒಂದು ಸಾಲು ಓಡಿಸಿದರೆ ಎಲ್ಲ ಹೋಗುತ್ತದೆ. ನಾನು ಕಾರವಾರದಲ್ಲಿ ಕೂತು ಅಂಗಡಿ, ಕಚೇರಿಗಳ ಸರ್ವರ್ ನೋಡಿಕೊಳ್ಳುವವನು. ನನ್ನ ಹತ್ತಿರ ‘ಡೇಟಾ ಹೋಯ್ತು’ ಎಂದು ಬಂದವರಲ್ಲಿ ಹಲವರದು ಮೊದಲ ತಪ್ಪಿನಿಂದ ಹೋದದ್ದಲ್ಲ. ಗಾಬರಿಯಲ್ಲಿ ಅದನ್ನು ಸರಿ ಮಾಡಲು ಹೊರಟಾಗ ಹೋದದ್ದು.

ಈಗ ಆಗಿರುವುದೇನು ಎಂದು ಹೇಳುತ್ತೇನೆ. ನಿಮ್ಮ ಸರ್ವರ್‌ಗೆ ತನ್ನದೇ ಒಂದು ಡಿಸ್ಕ್ ಇರುತ್ತದೆ. 40 ಜಿಬಿಗೆ ತುಂಬಿದೆ ಎಂದರೆ ಅದು ಬಹುಶಃ 50 ಜಿಬಿಯದ್ದು. ಉಳಿದದ್ದು ಸರ್ವರ್‌ನ ಸ್ವಂತ ಸಾಮಾನಿಗೆ ಬೇಕು. ತಮ್ಮ ಹೆಚ್ಚಿಗೆ ಜೋಡಿಸಿದ 300 ಜಿಬಿ ಇನ್ನೊಂದು ಬೇರೆ ಡಿಸ್ಕ್. ವಿಂಡೋಸ್‌ನಲ್ಲಾದರೆ ಹೊಸ ಡಿಸ್ಕ್ ಡಿ, ಇ ಎಂದು ಹೊಸ ಅಕ್ಷರ ಹೊತ್ತು ಬರುತ್ತದೆ. ಲಿನಕ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಒಂದು ಖಾಲಿ ಫೋಲ್ಡರ್ ಮಾಡಿ, ‘ಈ ಫೋಲ್ಡರಿಗೆ ಬಂದದ್ದೆಲ್ಲ ಆ ಡಿಸ್ಕಿಗೆ ಹೋಗಲಿ’ ಎಂದು ಹೇಳಬೇಕು. ಇದಕ್ಕೆ ಮೌಂಟ್ ಎನ್ನುತ್ತೇವೆ.

ಗೋಡೆಯಲ್ಲಿ ಒಂದು ಸಣ್ಣ ಗೂಡು ಇದೆ ಎಂದುಕೊಳ್ಳಿ. ಅದರ ಮುಂದೆ ದೊಡ್ಡ ಕಪಾಟು ತಂದು ನಿಲ್ಲಿಸಿದಿರಿ. ಕಪಾಟು ಇರುವ ತನಕ ಅಲ್ಲಿ ಇಟ್ಟದ್ದೆಲ್ಲ ಕಪಾಟಿಗೆ ಹೋಗುತ್ತದೆ. ಒಂದು ದಿನ ಯಾರೋ ಕಪಾಟನ್ನು ಪಕ್ಕಕ್ಕೆ ಸರಿಸಿದರು. ನೀವು ಕತ್ತಲಲ್ಲಿ ಅದೇ ಜಾಗಕ್ಕೆ ಕೈ ಚಾಚಿ ಸಾಮಾನು ಇಟ್ಟಿರಿ. ಅದು ಗೂಡಿಗೆ ಹೋಯಿತು. ಗೂಡು ಚಿಕ್ಕದು, ಬೇಗ ತುಂಬಿತು. ಕಪಾಟಿನಲ್ಲಿ ಇದ್ದದ್ದು ಕಪಾಟಿನಲ್ಲೇ ಇದೆ, ನಿಮ್ಮ ಕೈಗೆ ಸಿಗುತ್ತಿಲ್ಲ ಅಷ್ಟೆ.

ಕೈಯಲ್ಲಿ ಮೌಂಟ್ ಮಾಡಿದ್ದು ರೀಸ್ಟಾರ್ಟ್ ಆಗುವ ತನಕ ಮಾತ್ರ ಇರುತ್ತದೆ. ಪ್ರತಿ ಸಲ ತಾನಾಗಿ ಜೋಡಿಕೊಳ್ಳಬೇಕಾದರೆ ಎಫ್‌ಎಸ್‌ಟ್ಯಾಬ್ ಎಂಬ ಫೈಲಿನಲ್ಲಿ ಒಂದು ಸಾಲು ಬರೆದಿಡಬೇಕು. ತಮ್ಮ ಅದನ್ನು ಬರೆದಿಲ್ಲ, ಅಥವಾ ಬರೆದದ್ದರಲ್ಲಿ ತಪ್ಪಿದೆ. ಬಾಡಿಗೆ ಕಂಪನಿಯ ಪ್ಯಾನೆಲ್‌ಗೆ, ಅಂದರೆ ಸರ್ವರ್ ನಿಭಾಯಿಸುವ ವೆಬ್ ಪುಟಕ್ಕೆ, ಇದು ಗೊತ್ತಾಗುವುದಿಲ್ಲ. ಡಿಸ್ಕ್ ಸರ್ವರ್‌ಗೆ ಜೋಡಿಸಿದೆಯೋ ಇಲ್ಲವೋ ಅಷ್ಟೇ ಅದು ನೋಡುವುದು. ಹಾಗಾಗಿ ನಿಮಗೆ 300 ಜಿಬಿ ಇದೆ ಎಂದೇ ತೋರಿಸುತ್ತದೆ.

ಪರೀಕ್ಷೆ ಸುಲಭ. ಸರ್ವರ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ ಎಂಬ ಕಮಾಂಡ್ ಕೊಟ್ಟರೆ ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಅದರಲ್ಲಿ 300 ಜಿಬಿ ಸಾಲಿನ ಕೊನೆಯಲ್ಲಿ ಫೋಲ್ಡರಿನ ಹೆಸರು ಇಲ್ಲದಿದ್ದರೆ ನಾನು ಹೇಳಿದ್ದೇ ಆಗಿದೆ. ಆಗ ತಮ್ಮ ಬೇರೆ ಹೆಸರಿನ ಹೊಸ ಖಾಲಿ ಫೋಲ್ಡರ್ ಮಾಡಲಿ. ಆ ಡಿಸ್ಕನ್ನು ಅಲ್ಲಿಗೆ ‘ಓದಲು ಮಾತ್ರ’ ಎಂಬ ಆಯ್ಕೆಯೊಂದಿಗೆ ಮೌಂಟ್ ಮಾಡಲಿ. ಒಳಗೆ ಹೋಗಿ ನೋಡಲಿ. ಫೋಟೋ ಕಂಡರೆ ನಿಮಗೊಂದು ಫೋನ್ ಮಾಡಲಿ, ಆ ರಾತ್ರಿ ನಿದ್ದೆ ಬರುತ್ತದೆ.

ಆಮೇಲಿನ ಕೆಲಸದಲ್ಲಿ ಕ್ರಮ ಮುಖ್ಯ. ಈಗ 40 ಜಿಬಿ ತುಂಬಿಕೊಂಡಿರುವ ಫೋಲ್ಡರಿಗೆ ಬೇರೆ ಹೆಸರು ಕೊಡಬೇಕು. ಅಳಿಸಬಾರದು. ಹಳೇ ಹೆಸರಿನಲ್ಲಿ ಹೊಸ ಖಾಲಿ ಫೋಲ್ಡರ್ ಮಾಡಬೇಕು. ಆ ಖಾಲಿ ಫೋಲ್ಡರಿಗೆ, ಡಿಸ್ಕ್ ಕೂಡಿಸುವ ಮೊದಲೇ, ಸಿಎಚ್‌ಎಟಿಟಿಆರ್ ಎಂಬ ಕಮಾಂಡ್ ಬಳಸಿ ‘ಪ್ಲಸ್ ಐ’ ಗುರುತು ಹಾಕಬೇಕು. ಇದನ್ನು ಮಾಡುವವರು ಕಡಿಮೆ, ನಾನು ಮಾತ್ರ ಎಲ್ಲ ಕಡೆ ಮಾಡುತ್ತೇನೆ. ಈ ಗುರುತು ಇದ್ದರೆ ಆ ಬರೀ ಫೋಲ್ಡರಿನಲ್ಲಿ ಯಾರೂ ಏನೂ ಬರೆಯಲು ಆಗುವುದಿಲ್ಲ. ಡಿಸ್ಕ್ ಕೂಡಿಕೊಂಡಾಗ ಬರೆಯಬಹುದು. ಇನ್ನೊಂದು ದಿನ ರೀಸ್ಟಾರ್ಟ್ ಆಗಿ ಡಿಸ್ಕ್ ಬಿಟ್ಟುಹೋದರೂ ನಿಮ್ಮ ಅಪ್‌ಲೋಡ್ ಮೊದಲ ಫೈಲಿಗೇ ನಿಲ್ಲುತ್ತದೆ. ಗೂಡು ತುಂಬುವುದಿಲ್ಲ.

ಎಫ್‌ಎಸ್‌ಟ್ಯಾಬ್‌ನಲ್ಲಿ ಡಿಸ್ಕಿನ ಹೆಸರನ್ನು ‘ಎಸ್‌ಡಿಬಿ’ ಎಂಬ ಹಾಗೆ ಬರೆಯಬೇಡಿ. ರೀಸ್ಟಾರ್ಟ್ ಆದಾಗ ಆ ಹೆಸರು ಬದಲಾಗಬಹುದು. ಪ್ರತಿ ಡಿಸ್ಕಿಗೂ ಯುಯುಐಡಿ ಎಂಬ ಉದ್ದದ ಗುರುತು ಇರುತ್ತದೆ, ಅದನ್ನೇ ಬರೆಯಿರಿ. ಜೊತೆಗೆ ‘ನೋಫೇಲ್’ ಎಂದು ಸೇರಿಸಿ. ಇಲ್ಲದಿದ್ದರೆ ಡಿಸ್ಕ್ ಸಿಗದ ದಿನ ಸರ್ವರ್ ಏಳುವುದೇ ಇಲ್ಲ. ಬರೆದ ಮೇಲೆ ರೀಸ್ಟಾರ್ಟ್ ಮಾಡುವ ಮೊದಲು ‘ಮೌಂಟ್, ಹೈಫನ್ ಎ’ ಕೊಟ್ಟು ನೋಡಿ. ಬರೆದ ಸಾಲಿನಲ್ಲಿ ತಪ್ಪಿದ್ದರೆ ಸಾಮಾನ್ಯವಾಗಿ ಅಲ್ಲೇ ಹೇಳುತ್ತದೆ. ಆದರೆ ‘ನೋಫೇಲ್’ ಇದ್ದಾಗ ಡಿಸ್ಕ್ ಸಿಗದಿದ್ದರೂ ಸುಮ್ಮನಿರಬಹುದು, ಹಾಗಾಗಿ ಎಲ್‌ಎಸ್‌ಬಿಎಲ್‌ಕೆ ಕೊಟ್ಟು ಫೋಲ್ಡರಿನ ಹೆಸರು ಬಂತೇ ಎಂದೂ ನೋಡಿ. ಆಮೇಲೆ ಒಮ್ಮೆ ಬೇಕಂತಲೇ ರೀಸ್ಟಾರ್ಟ್ ಮಾಡಿ, ಫೋಟೋ ಇದೆಯೇ ನೋಡಿ. ಇದಿಷ್ಟು ಆಗುವ ತನಕ ಮನೆಯಿಂದ ಒಂದು ಫೈಲೂ ಕಳಿಸಬೇಡಿ.

ಈಗ ಎರಡು ಗೋಕರ್ಣದ ವಿಷಯ. ಇದು ನಿಮ್ಮ ಕಣ್ಣಿನ ತಪ್ಪಲ್ಲ. ‘ಗೋ’ ಎಂಬ ಅಕ್ಷರವನ್ನು ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುವ ಪದ್ಧತಿಯಲ್ಲಿ, ಎರಡು ರೀತಿ ಬರೆದಿಡಬಹುದು. ಒಂದು, ‘ಗ’ ಮತ್ತು ಇಡೀ ಓಕಾರದ ಒಂದೇ ಗುರುತು. ಇನ್ನೊಂದು, ‘ಗ’ ಆದ ಮೇಲೆ ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು, ಹೀಗೆ ಬಿಡಿಬಿಡಿಯಾಗಿ ಮೂರು. ಪರದೆಯ ಮೇಲೆ ಎರಡೂ ‘ಗೋ’ ಎಂದೇ ಕಾಣುತ್ತವೆ. ವಿಂಡೋಸ್‌ನಲ್ಲಿ ಟೈಪ್ ಮಾಡಿದ್ದು ಸಾಮಾನ್ಯವಾಗಿ ಮೊದಲ ರೀತಿ ಉಳಿಯುತ್ತದೆ. ಹಳೇ ಮ್ಯಾಕ್‌ಗಳು ಬಳಸುತ್ತಿದ್ದ ಎಚ್‌ಎಫ್‌ಎಸ್ ಪ್ಲಸ್ ಎಂಬ ಡಿಸ್ಕ್ ವ್ಯವಸ್ಥೆ ಪ್ರತಿ ಹೆಸರನ್ನೂ ಬಿಡಿಸಿ ಇಡುತ್ತದೆ. ಲಿನಕ್ಸ್‌ಗೆ ಅಕ್ಷರದ ಅರ್ಥ ಬೇಕಿಲ್ಲ, ಅದನ್ನು ಬರೆದಿಟ್ಟ ಬೈಟ್, ಅಂದರೆ ಡಿಸ್ಕಿನಲ್ಲಿರುವ ಸಂಖ್ಯೆಗಳನ್ನು ಮಾತ್ರ ನೋಡುತ್ತದೆ. ನೀವು ಕಳಿಸಿದ ಗೋಕರ್ಣದಲ್ಲಿ 6 ಗುರುತು. ತಮ್ಮ ಕಳಿಸಿದ್ದರಲ್ಲಿ 8. ಅದರ ಲೆಕ್ಕದಲ್ಲಿ ಅವು ಎರಡು ಬೇರೆ ಊರು.

ಇಂಗ್ಲಿಷ್ ಹೆಸರು ಬಳಸುವವರಿಗೆ ಈ ತೊಂದರೆ ಬರುವುದೇ ಇಲ್ಲ. ಆದ್ದರಿಂದ ಸಾಮಾನ್ಯ ಸಲಹೆಗಳಲ್ಲಿ ಇದರ ಸುದ್ದಿ ಇರುವುದಿಲ್ಲ. ನಮ್ಮ ಅಕ್ಷರದಲ್ಲಿ ಈ, ಏ, ಐ, ಒ, ಓ ಸ್ವರ ಕೂಡಿದ ಹೆಸರಿಗೆಲ್ಲ ಇದು ಬರಬಹುದು. ‘ಕನ್‌ವಿಎಮ್‌ವಿ’ ಎಂಬ ಪುಟ್ಟ ಸಾಧನ ಇದೆ. ಅದು ಸರ್ವರ್‌ನಲ್ಲೇ ಎಲ್ಲ ಹೆಸರನ್ನೂ ಒಂದೇ ರೀತಿಗೆ ತರುತ್ತದೆ. ಅದರ ಒಳ್ಳೆಯ ಗುಣ ಏನೆಂದರೆ, ನೀವು ಬೇಕೆಂದೇ ಹೇಳುವ ತನಕ ಏನನ್ನೂ ಬದಲಿಸದೆ, ‘ಇಂತಿಂಥದ್ದು ಬದಲಿಸುತ್ತಿದ್ದೆ’ ಎಂದು ಪಟ್ಟಿ ಮಾತ್ರ ತೋರಿಸುತ್ತದೆ. ಆದರೆ ನಿಮ್ಮಲ್ಲಿ ಎರಡೂ ಫೋಲ್ಡರ್ ಈಗಾಗಲೇ ಇವೆ. ಮೊದಲು ತಮ್ಮನ ಫೋಲ್ಡರಿಗೆ ‘ಗೋಕರ್ಣ ತಮ್ಮ’ ಎಂದೇನಾದರೂ ಹೆಸರಿಡಿ. ನಿಮ್ಮ ಹಾರ್ಡ್ ಡಿಸ್ಕಿನಿಂದ ಹೋದ ಗೋಕರ್ಣ ಪೂರ್ತಿ ಏರಿ, ಪರೀಕ್ಷೆ ಮುಗಿದ ಮೇಲೆ ತಮ್ಮನದ್ದನ್ನು ತೆಗೆಯಿರಿ. ಮುಂದೆ ಆ ಮ್ಯಾಕ್‌ನಿಂದ ಕಳಿಸುವುದು ಬೇಡ.

ಉದ್ದದ ಹೆಸರೂ ಇದೇ ಜಾತಿಯದ್ದು. ನಿಮ್ಮ ತಂದೆಯವರು ಕ್ಯಾಸೆಟ್ಟಿನ ಮೇಲೆ ಊರು, ದೇವಸ್ಥಾನ, ಭಾಗವತರು, ಮದ್ದಳೆಯವರು, ಅರ್ಥಧಾರಿಗಳು, ವರ್ಷ ಎಲ್ಲ ಬರೆದಿರುತ್ತಾರೆ. ನೀವು ಅದನ್ನೇ ಫೈಲಿನ ಹೆಸರು ಮಾಡಿದ್ದೀರಿ, ಅಲ್ವಾ? ವಿಂಡೋಸ್ ಒಂದು ಹೆಸರಿಗೆ 255 ಗುರುತು ಕೊಡುತ್ತದೆ. ಲಿನಕ್ಸ್ ಕೊಡುವುದು 255 ಬೈಟ್. ಕನ್ನಡದ ಒಂದೊಂದು ಗುರುತಿಗೂ 3 ಬೈಟ್ ಬೇಕು. ‘ತಾಳಮದ್ದಳೆ’ ಕಣ್ಣಿಗೆ ಐದು ಅಕ್ಷರ. ಕಾಗುಣಿತ, ಒತ್ತು ಬಿಡಿಸಿದರೆ 9 ಗುರುತು, ಅಂದರೆ 27 ಬೈಟ್. ಹೀಗೆ 85 ಗುರುತಿಗೆ ಜಾಗ ಮುಗಿಯುತ್ತದೆ. ವಿಂಡೋಸ್‌ನಲ್ಲಿ ಸರಾಗವಾಗಿ ಇದ್ದ ಹೆಸರು ಸರ್ವರ್‌ನಲ್ಲಿ ಕೂರುವುದಿಲ್ಲ.

ಇದಕ್ಕೆ ದಾರಿ, ಹೆಸರು ಚಿಕ್ಕದು ಮಾಡುವುದೇ. ಆದರೆ ಸುಮ್ನೆ ಕತ್ತರಿಸಬೇಡಿ. ಆ ಹೆಸರಿನಲ್ಲಿರುವ ಮಾಹಿತಿ ಆ ದನಿಯಷ್ಟೇ ಬೆಲೆಯುಳ್ಳದ್ದು. ಒಂದು ಎಕ್ಸೆಲ್ ಹಾಳೆ ಮಾಡಿ. ಕ್ಯಾಸೆಟ್ ಸಂಖ್ಯೆ, ಊರು, ಭಾಗವತರು, ಅರ್ಥಧಾರಿಗಳು, ವರ್ಷ, ಎಲ್ಲವನ್ನೂ ಬರೆಯಿರಿ. ಫೈಲಿಗೆ ‘047 ಗೋಕರ್ಣ 1’ ಎಂಬಷ್ಟು ಸಾಕು. 180 ಕ್ಯಾಸೆಟ್ಟಿಗೆ ಎರಡು ಮಧ್ಯಾಹ್ನದ ಕೆಲಸ. ಅಮ್ಮನನ್ನೋ ದೊಡ್ಡಪ್ಪನನ್ನೋ ಜೊತೆಗೆ ಕೂರಿಸಿಕೊಂಡರೆ ಲೇಬಲ್‌ನಲ್ಲಿ ಇಲ್ಲದ ಸಂಗತಿಯೂ ಸಿಗುತ್ತದೆ.

ಇನ್ನು ಗೊತ್ತಿದ್ದವರು ಹೇಳಿದ ಎರಡು ಮಾತು.

777 ಎಂದರೆ ಆ ಸರ್ವರ್‌ನಲ್ಲಿರುವ ಯಾವ ಪ್ರೋಗ್ರಾಮ್ ಬೇಕಾದರೂ, ಯಾವ ಬಳಕೆದಾರ ಬೇಕಾದರೂ ನಿಮ್ಮ ಫೈಲನ್ನು ಓದಬಹುದು, ತಿದ್ದಬಹುದು, ಓಡಿಸಬಹುದು. ಓದಲು 4, ಬರೆಯಲು 2, ಓಡಿಸಲು 1, ಕೂಡಿದರೆ 7. ಅದನ್ನು ಯಜಮಾನನಿಗೆ, ಗುಂಪಿಗೆ, ಉಳಿದ ಎಲ್ಲರಿಗೆ ಕೊಟ್ಟರೆ 777. ನಿಮ್ಮ ತೊಂದರೆಗೂ ಇದಕ್ಕೂ ಸಂಬಂಧವೇ ಇಲ್ಲ. ಜಾಗ ಮುಗಿದಾಗ ಅನುಮತಿ ಕೊಟ್ಟು ಏನು ಬರುತ್ತದೆ? ಫೋಲ್ಡರಿಗೆ 755, ಫೈಲಿಗೆ 644 ಸಾಕು. ಬರೆಯಲು ಆಗದಿದ್ದರೆ ಆ ಫೋಲ್ಡರಿನ ಯಜಮಾನ ಯಾರೆಂದು ನೋಡಿ ನಿಮ್ಮ ಬಳಕೆದಾರನ ಹೆಸರಿಗೆ ಬದಲಿಸಬೇಕು.

ಜಿಪ್ ಮಾಡಿದರೆ ಅರ್ಧ ಆಗುತ್ತದೆ ಎನ್ನುವುದು ಬರಹದ ಫೈಲಿಗೆ ನಿಜ. ಜೆಪೆಗ್ ಫೋಟೋ ಮೊದಲೇ ಕುಗ್ಗಿಸಿದ್ದು, ಮತ್ತೆ ಕುಗ್ಗುವುದಿಲ್ಲ. ವೇವ್ ಕೂಡ ಜಿಪ್‌ನಲ್ಲಿ ಹೆಚ್ಚು ಇಳಿಯುವುದಿಲ್ಲ. ದನಿಗೆಂದೇ ಮಾಡಿದ ವಿಧಾನ ಬೇರೆ ಇದೆ, ಅದರ ಹೆಸರು ಫ್ಲ್ಯಾಕ್. 2001ರಿಂದ ಬಳಕೆಯಲ್ಲಿದೆ. ಎಂಪಿ3 ಮಾಡಿದರೆ ದನಿಯ ಸ್ವಲ್ಪ ಭಾಗ ಶಾಶ್ವತವಾಗಿ ಹೋಗುತ್ತದೆ. ಫ್ಲ್ಯಾಕ್‌ನಲ್ಲಿ ಒಂದು ಚೂರೂ ಹೋಗುವುದಿಲ್ಲ. ಬೇಕೆಂದಾಗ ಮತ್ತೆ ಅದೇ ವೇವ್ ವಾಪಸ್ ಪಡೆಯಬಹುದು. ಗಾತ್ರ ಸಾಮಾನ್ಯವಾಗಿ ಮೂರನೇ ಒಂದು ಭಾಗದಿಂದ ಅರ್ಧದ ತನಕ ಇಳಿಯುತ್ತದೆ. ಇನ್ನೊಂದು ಲಾಭ, ಮೂಲ ದನಿಯ ಎಂಡಿ5 ಎಂಬ ಗುರುತನ್ನು ಫ್ಲ್ಯಾಕ್ ತನ್ನೊಳಗೇ ಬರೆದುಕೊಂಡಿರುತ್ತದೆ. ಹತ್ತು ವರ್ಷ ಬಿಟ್ಟು ‘ಈ ಫೈಲ್ ಸರಿ ಇದೆಯಾ’ ಎಂದು ಫೈಲನ್ನೇ ಕೇಳಬಹುದು.

ಸಮಯದ ಲೆಕ್ಕ ನೋಡಿ. 90 ನಿಮಿಷದ ಸ್ಟೀರಿಯೊ ವೇವ್ ಸುಮಾರು 950 ಎಂಬಿ. 180 ಕ್ಯಾಸೆಟ್ಟಿಗೆ 171 ಜಿಬಿ. ನಿಮ್ಮ ನೆಟ್ ಪ್ಲಾನಿನ ಮೇಲೆ 50 ಎಂದು ಬರೆದಿದ್ದರೂ ಅಪ್‌ಲೋಡ್ ಎಷ್ಟು ಸಿಗುತ್ತದೆ ಎಂದು ಅಳೆದು ನೋಡಿ. ಅಲ್ಲಿ 10 ಎಂಬಿಪಿಎಸ್ ಸಿಕ್ಕಿದರೆ, 171 ಜಿಬಿಗೆ 38 ಗಂಟೆ ಬೇಕು. ನಡುವೆ ಒಂದು ಕ್ಷಣವೂ ನಿಲ್ಲದಿದ್ದರೆ ಮಾತ್ರ. ಫ್ಲ್ಯಾಕ್ ಮಾಡಿ 100 ಜಿಬಿಗೆ ಇಳಿದರೆ 22 ಗಂಟೆ. ಪ್ಲಾನಿಗೆ ತಿಂಗಳ ಮಿತಿ ಇದ್ದರೆ ಅಪ್‌ಲೋಡ್ ಕೂಡ ಅದರಲ್ಲಿ ಸೇರುತ್ತದೆಯೇ ಎಂದು ಕೇಳಿಕೊಳ್ಳಿ.

ನಿಲ್ಲದೆ ನಡೆಯುವುದು ಈ ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಆಗದ ಮಾತು. ಘಟ್ಟದ ಮೇಲೆ ಮರ ಬಿದ್ದರೆ ಕರೆಂಟ್ ಇಲ್ಲ. ರಸ್ತೆ ಪಕ್ಕ ಮಣ್ಣು ಕುಸಿದರೆ ಕೇಬಲ್ ಇಲ್ಲ. ಹಾಗಾಗಿ ನಾನು ವೇಗದ ದಾರಿ ಹುಡುಕುವುದಿಲ್ಲ. ನೂರು ಸಲ ನಿಂತರೂ ನಷ್ಟ ಆಗದ ದಾರಿ ಹುಡುಕುತ್ತೇನೆ.

ಫೈಲ್‌ಝಿಲ್ಲಾದಲ್ಲಿ ಎಳೆದು ಹಾಕುವುದು ಕೆಟ್ಟದ್ದೇನಲ್ಲ. ಆದರೆ ಅದು ನಿಂತಾಗ ಅರ್ಧ ಏರಿದ ಫೈಲ್ ತನ್ನ ಪೂರ್ತಿ ಹೆಸರಿನಲ್ಲೇ ಕೂತಿರುತ್ತದೆ. ನೋಡಿದವರಿಗೆ ಅದು ಅರ್ಧ ಎಂದು ತಿಳಿಯುವುದಿಲ್ಲ. ಕೆಳಗೆ ‘ವಿಫಲವಾದವು’ ಎಂಬ ಪಟ್ಟಿ ಇರುತ್ತದೆ, ಅದನ್ನು ತೆರೆದು ನೋಡಿ. ನಿಮ್ಮ ಉದ್ದ ಹೆಸರಿನ ಫೈಲ್‌ಗಳೂ ಅಲ್ಲೇ ಸಿಗುತ್ತವೆ. ತಾರೀಕು ಬದಲಾದದ್ದೂ ಇದರಿಂದಲೇ. ತಾರೀಕು ಉಳಿಸುವ ಆಯ್ಕೆ ಅದರ ಟ್ರಾನ್ಸ್‌ಫರ್ ಮೆನುವಿನಲ್ಲಿದೆ, ತಾನಾಗಿ ಆನ್ ಇರುವುದಿಲ್ಲ. ವಿನ್‌ಎಸ್‌ಸಿಪಿ ಎಂಬ ಇನ್ನೊಂದು ಪ್ರೋಗ್ರಾಮ್ ಇದೆ, ಅದೂ ಉಚಿತ. ಅದು ತಾರೀಕು ಉಳಿಸುತ್ತದೆ. ದೊಡ್ಡ ಫೈಲ್ ಪೂರ್ತಿ ಏರುವ ತನಕ ಹೆಸರಿನ ಕೊನೆಗೆ ‘ಫೈಲ್‌ಪಾರ್ಟ್’ ಎಂದು ಸೇರಿಸಿ ಇಡುತ್ತದೆ. ಕಮಾಂಡ್ ಎಂದರೆ ಹೆದರಿಕೆ ಇದ್ದರೆ ಇದನ್ನೇ ಬಳಸಿ, ಅದರ ಸಿಂಕ್ರನೈಸ್ ಆಯ್ಕೆಯಲ್ಲಿ ಕಳಿಸಿ.

ನನ್ನನ್ನು ಕೇಳಿದರೆ ನಿಮ್ಮ ಕೆಲಸಕ್ಕೆ ಸರಿಯಾದದ್ದು ಆರ್‌ಸಿಂಕ್. 1996ರಲ್ಲಿ ಬಂದದ್ದು, ಇವತ್ತಿಗೂ ನನ್ನ ದಿನದ ಅನ್ನ. ಎರಡೂ ಕಡೆ ನೋಡಿ, ಇಲ್ಲದ್ದನ್ನು ಮಾತ್ರ ಕಳಿಸುತ್ತದೆ. ಕರೆಂಟ್ ಹೋಯಿತಾ? ಬಂದ ಮೇಲೆ ಅದೇ ಕಮಾಂಡ್ ಮತ್ತೆ ಕೊಡಿ, ಬಿಟ್ಟಲ್ಲಿಂದ ಶುರು. ಈಗಾಗಲೇ ಏರಿರುವ ಫೈಲಿನ ತಾರೀಕು ತಪ್ಪಿದ್ದರೆ, ಒಳಗಿನದ್ದು ಒಂದೇ ಎಂದು ಖಾತ್ರಿ ಮಾಡಿಕೊಂಡು ತಾರೀಕು ಸರಿಪಡಿಸುತ್ತದೆ. ಇಡೀ ಫೈಲನ್ನು ಮತ್ತೆ ಕಳಿಸುವುದಿಲ್ಲ. ಆದರೆ ಫೈಲಿನ ಹೆಸರು ಬದಲಿಸಿದ್ದರೆ, ಫ್ಲ್ಯಾಕ್ ಮಾಡಿದ್ದರೆ, ಅದಕ್ಕೆ ಅವು ಹೊಸ ಫೈಲ್. ಆದ್ದರಿಂದ ಆ ಎರಡು ಕೆಲಸ ಮೊದಲು, ಕಳಿಸುವುದು ಆಮೇಲೆ. ಹಳೇ 40 ಜಿಬಿಯನ್ನು ಆಗ ಬಿಟ್ಟುಬಿಡಿ.

ವಿಂಡೋಸ್‌ನಲ್ಲಿ ಡಬ್ಲ್ಯುಎಸ್‌ಎಲ್ ಹಾಕಿಕೊಂಡರೆ ಒಳಗೊಂದು ಲಿನಕ್ಸ್ ಬರುತ್ತದೆ, ಆರ್‌ಸಿಂಕ್ ಅಲ್ಲಿ ಓಡುತ್ತದೆ. ತಮ್ಮ ದೂರದಿಂದಲೇ ಹಾಕಿಕೊಡಬಹುದು. ಹೈಫನ್ ಎ, ವಿ, ದೊಡ್ಡ ಪಿ, ಈ ಮೂರು ಗುರುತು ಸಾಕು. ಕುಗ್ಗಿಸುವ ಝಡ್ ಬೇಡ, ಅದರಿಂದ ನಿಮ್ಮ ಫೈಲಿಗೆ ಏನೂ ಲಾಭವಿಲ್ಲ. ಕಂಪ್ಯೂಟರ್ ರಾತ್ರಿ ತಾನಾಗಿ ನಿದ್ದೆಗೆ ಹೋಗುವುದನ್ನು ಆಫ್ ಮಾಡಿ. ‘ನೆಟ್ ಕಟ್ ಆಯ್ತು’ ಎಂದು ಬೈಯುವವರ ಮನೆಯಲ್ಲಿ ಎಷ್ಟೋ ಸಲ ಮಲಗಿದ್ದು ಲ್ಯಾಪ್‌ಟಾಪ್.

ಇದರಲ್ಲೂ ಎರಡು ಅಪಾಯ ಇದೆ. ಒಂದು, ಕಳಿಸುವ ಫೋಲ್ಡರಿನ ಹೆಸರಿನ ಕೊನೆಯಲ್ಲಿ ಓರೆಗೆರೆ ಹಾಕಿದರೆ ಒಳಗಿರುವ ಫೈಲ್‌ಗಳು ಮಾತ್ರ ಹೋಗುತ್ತವೆ. ಹಾಕದಿದ್ದರೆ ಫೋಲ್ಡರೇ ಹೋಗುತ್ತದೆ. ಒಂದು ದಿನ ಹಾಕಿ, ಮರುದಿನ ಮರೆತರೆ ಒಂದರೊಳಗೆ ಇನ್ನೊಂದು ಫೋಲ್ಡರ್ ಆಗಿ ಎಲ್ಲ ಎರಡೆರಡು ಸಲ ಏರುತ್ತದೆ. ಕಮಾಂಡನ್ನು ಒಂದು ಫೈಲಿನಲ್ಲಿ ಬರೆದಿಟ್ಟು ದಿನಾ ಅದನ್ನೇ ಓಡಿಸಿ, ಕೈಯಲ್ಲಿ ಟೈಪ್ ಮಾಡಬೇಡಿ.

ಎರಡನೆಯದು ‘ಡಿಲೀಟ್’ ಎಂಬ ಆಯ್ಕೆ. ಮೂಲದಲ್ಲಿ ಇಲ್ಲದ್ದನ್ನು ಆ ಕಡೆಯಿಂದಲೂ ಅಳಿಸುತ್ತದೆ. ನಾನು ಕೆಲಸ ಕಲಿಯುವ ಕಾಲದಲ್ಲಿ ಒಂದು ಕಚೇರಿಯ ಕಡತಗಳನ್ನು ಹೀಗೆ ಕಳಿಸುವಾಗ ದಿಕ್ಕು ತಿರುಗಿಸಿಬಿಟ್ಟೆ. ಖಾಲಿ ಫೋಲ್ಡರ್ ಮೂಲವಾಯಿತು, ತುಂಬಿದ ಫೋಲ್ಡರ್ ಗುರಿಯಾಯಿತು. ಪರದೆಯ ಮೇಲೆ ‘ಅಳಿಸುತ್ತಿದೆ’ ಎಂಬ ಸಾಲು ಓಡುತ್ತಲೇ ಇತ್ತು. ನಿಲ್ಲಿಸುವಷ್ಟರಲ್ಲಿ ಎರಡು ವರ್ಷದ ಕಡತ ಹೋಗಿತ್ತು. ಹಿಂದಿನ ವಾರದ ಬ್ಯಾಕಪ್ ಇದ್ದದ್ದರಿಂದ ಉಳಿದೆ. ಅವತ್ತಿನಿಂದ ಮೊದಲು ಹೈಫನ್ ಎನ್ ಸೇರಿಸಿ ಓಡಿಸುತ್ತೇನೆ. ಅದು ಏನನ್ನೂ ಮಾಡದೆ, ಮಾಡುವುದನ್ನು ಪಟ್ಟಿ ಮಾಡಿ ತೋರಿಸುತ್ತದೆ. ಪಟ್ಟಿ ಓದಿದ ಮೇಲೆ ನಿಜವಾಗಿ ಓಡಿಸುತ್ತೇನೆ. ನಿಮಗೆ ಡಿಲೀಟ್ ಬೇಡವೇ ಬೇಡ.

ಇನ್ನೊಂದು ದಾರಿಯನ್ನೂ ಹೇಳಬೇಕು. ಶಿರಸಿಯಿಂದ ರಾತ್ರಿ ಬಸ್ಸು. ಯಾರಾದರೂ ಬೆಂಗಳೂರಿಗೆ ಹೋಗುವವರ ಕೈಯಲ್ಲಿ 256 ಜಿಬಿಯ ಎಸ್‌ಎಸ್‌ಡಿ ಕೊಟ್ಟು ಕಳಿಸಿದರೆ, 9 ಗಂಟೆಯಲ್ಲಿ 171 ಜಿಬಿ ತಲುಪುತ್ತದೆ. ಲೆಕ್ಕ ಹಾಕಿದರೆ ಅದು 42 ಎಂಬಿಪಿಎಸ್. ನಿಮ್ಮ ನೆಟ್‌ಗಿಂತ ಜೋರು. ತಮ್ಮನ ಮನೆಯಲ್ಲಿ 100 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಇನ್ನು 4 ಗಂಟೆಯಲ್ಲಿ ಸರ್ವರ್ ಸೇರುತ್ತದೆ. ಕಳಿಸುವುದಾದರೆ ಕಾಪಿ ಕಳಿಸಿ, ಮೂಲ ಹಾರ್ಡ್ ಡಿಸ್ಕ್ ಮನೆಯಲ್ಲೇ ಇರಲಿ. ಆತ ಆ ಮ್ಯಾಕ್ ಬಿಟ್ಟು ವಿಂಡೋಸ್ ಅಥವಾ ಲಿನಕ್ಸ್ ಯಂತ್ರದಿಂದ ಏರಿಸಲಿ. ನೆಟ್ ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದರೆ ನಾನಾದರೆ ಬಸ್ಸಿಗೇ ಕೊಡುತ್ತೇನೆ.

ಏರಿತು ಎಂದು ಪ್ರೋಗ್ರಾಮ್ ಹೇಳಿದ ಮಾತ್ರಕ್ಕೆ ನಂಬಬೇಡಿ. ಗಾತ್ರ ಹೋಲಿಸಿದರೆ ಗೊಂದಲವೇ ಜಾಸ್ತಿ, ಏಕೆಂದರೆ ವಿಂಡೋಸ್ ಮತ್ತು ಲಿನಕ್ಸ್ ಗಾತ್ರ ಲೆಕ್ಕ ಹಾಕುವ ರೀತಿ ಬೇರೆ. ಫೈಲ್‌ಗಳ ಸಂಖ್ಯೆಯಲ್ಲೂ ವಿಂಡೋಸ್ ಅಡಗಿಸಿಡುವ ‘ಥಂಬ್ಸ್’ ಥರದ ಫೈಲ್ ಸೇರಿ ಹತ್ತಿಪ್ಪತ್ತು ವ್ಯತ್ಯಾಸ ಬರಬಹುದು. ಸರಿಯಾದ ಪರೀಕ್ಷೆ ಎಂದರೆ ಆರ್‌ಸಿಂಕ್‌ಗೆ ಎನ್ ಜೊತೆಗೆ ಸಿ ಎಂಬ ಗುರುತನ್ನೂ ಕೊಟ್ಟು ಇನ್ನೊಮ್ಮೆ ಓಡಿಸುವುದು. ಆಗ ಎರಡೂ ಕಡೆಯ ಪ್ರತಿ ಫೈಲನ್ನೂ ಪೂರ್ತಿ ಓದಿ ಹೋಲಿಸುತ್ತದೆ. ಕೆಲವು ಗಂಟೆ ಹಿಡಿಯುತ್ತದೆ, ನೆಟ್ ಹೆಚ್ಚು ಖರ್ಚಾಗುವುದಿಲ್ಲ. ಕೊನೆಯಲ್ಲಿ ಒಂದೂ ಫೈಲಿನ ಹೆಸರು ಬರದಿದ್ದರೆ ಎಲ್ಲ ತಲುಪಿದೆ. ಏಪ್ರಿಲ್‌ನ ಫೋಟೋಗಳನ್ನೂ ಹೀಗೇ ಹೋಲಿಸಿ. ಆಮೇಲೆ ನಾಲ್ಕೈದು ರೆಕಾರ್ಡಿಂಗ್ ಸರ್ವರ್‌ನಿಂದ ಇಳಿಸಿಕೊಂಡು, ನಡುವಿನಿಂದ, ಕೊನೆಯಿಂದ ಒಂದೆರಡು ನಿಮಿಷ ಕೇಳಿ.

ಈಗ ಹಾರ್ಡ್ ಡಿಸ್ಕ್. ದಯವಿಟ್ಟು ಖಾಲಿ ಮಾಡಬೇಡಿ. ಅಣ್ಣನ ಮಗನಿಗೆ ಬೇರೆ ಕೊಡಿಸಿ. ಸರ್ವರ್ ಕಂಪನಿಗಳು ಒಂದೇ ಡೇಟಾವನ್ನು ಎರಡು ಮೂರು ಡಿಸ್ಕಿನಲ್ಲಿ ಇಡುತ್ತವೆ ಎಂಬುದು ನಿಜ. ಒಂದು ಡಿಸ್ಕ್ ಕೆಟ್ಟರೆ ಅದು ಕಾಯುತ್ತದೆ. ನೀವೇ ತಪ್ಪಿ ಅಳಿಸಿದರೆ ಆ ಎರಡು ಮೂರರಲ್ಲೂ ಒಟ್ಟಿಗೇ ಅಳಿಯುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ದೊಡ್ಡ ಡೇಟಾ ಸೆಂಟರಿನ ಕಟ್ಟಡವೇ ಸುಟ್ಟುಹೋಯಿತು. ಬೇರೆ ಕಡೆ ಕಾಪಿ ಇಟ್ಟುಕೊಳ್ಳದವರ ಡೇಟಾ ವಾಪಸ್ ಬರಲಿಲ್ಲ. ಮನೆಯಲ್ಲಿ ಒಂದು, ಸರ್ವರ್‌ನಲ್ಲಿ ಒಂದು, ತಮ್ಮನ ಮನೆಯಲ್ಲಿ ಆ ಎಸ್‌ಎಸ್‌ಡಿ ಒಂದು. ಮನೆಯದ್ದನ್ನು ಆರು ತಿಂಗಳಿಗೊಮ್ಮೆ ಜೋಡಿಸಿ ತೆರೆದು ನೋಡಿ. ಕ್ಯಾಸೆಟ್‌ಗಳನ್ನೂ ಎಸೆಯಬೇಡಿ. ನಿಮ್ಮ ಕಡೆಯ ಥಂಡಿಗೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಒಳಗೋಡೆಯ ಕಪಾಟಿನಲ್ಲಿ ನಿಲ್ಲಿಸಿ ಇಡಿ. ಪೊಟ್ಟಣವನ್ನು ಮಳೆಗಾಲದಲ್ಲಿ ಆಗಾಗ ಬದಲಿಸಿ.

ಕೊನೆಗೆ ನೀವು ಕೇಳದ ಒಂದು ವಿಷಯ. ಸರ್ವರ್ ಬಾಡಿಗೆ ತಮ್ಮನ ಕಾರ್ಡಿನಿಂದ ಪ್ರತಿ ತಿಂಗಳು ಹೋಗುತ್ತಿರಬೇಕು. ಆ ಕಾರ್ಡಿನ ಅವಧಿ ಮುಗಿದರೆ ಬಾಡಿಗೆ ನಿಲ್ಲುತ್ತದೆ. ಕಂಪನಿ ಕೆಲವು ಸಲ ಮೇಲ್ ಕಳಿಸಿ, ಸರ್ವರ್ ನಿಲ್ಲಿಸಿ, ಆಮೇಲೆ ಡಿಸ್ಕ್ ಅಳಿಸುತ್ತದೆ. ಆ ಮೇಲ್‌ಗಳು ತಮ್ಮ ನೋಡದ ಮೇಲ್‌ಬಾಕ್ಸಿಗೆ ಬಂದು ಬೀಳುವುದು ಬೇಡ. ಖಾತೆಯಲ್ಲಿ ನಿಮ್ಮ ಇಮೇಲ್ ವಿಳಾಸವನ್ನೂ ಸೇರಿಸಲು ಹೇಳಿ. ಕಾರ್ಡಿನ ಮುಗಿಯುವ ತಿಂಗಳು ಯಾವುದೆಂದು ಕೇಳಿಕೊಂಡು, ಅಡಿಗೆಮನೆ ಕ್ಯಾಲೆಂಡರಿನಲ್ಲಿ ಅದರ ಹಿಂದಿನ ತಿಂಗಳಿಗೆ ಗುರುತು ಹಾಕಿಡಿ.